ಸ್ನೇಹಲತಾಳ ವರ್ಷನ್ ನಾಲ್ಕು

"ಈ ಮಷಿನ್ನಿಗೆ ಬುದ್ಧಿ ಕಲಿಸಿದವ್ರು ಯಾರ್ರಿ ಇಲ್ಲಿ?"

ಬಾಗಿಲಲ್ಲಿ ನಿಂತವನ ದನಿಗೆ ರೇಡಿಯೋ ಬಳಗದ ಕೋಣೆಯೆಲ್ಲ ಗಪ್‌ಚಿಪ್. ಸಮೋಸಾ ಬಾಯಿಗಿಟ್ಟವರು ಅಗಿಯುವುದನ್ನೂ ಬಿಟ್ಟರು.

ಸ್ನೇಹಲತಾ ತಲೆ ಎತ್ತಿ ನೋಡಿದಳು. ಎತ್ತರದ ನಿಲುವು, ಮೊಳಕೈವರೆಗೆ ಮಡಚಿದ ತೋಳು, ಕೈಯಲ್ಲೊಂದು ಹಳೆಯ ವಾಕಿಟಾಕಿ. ಮುಖದ ತುಂಬ ಸಿಟ್ಟು... ಆದರೆ ಕಣ್ಣಂಚಿನಲ್ಲಿ ನೀರು ಯಾಕೆ?

"ನಾನ ರೀ," ಎಂದಳು ಗದ್ದ ಎತ್ತಿ. "ಏನಾತು?"

ಈ ಗದ್ದ ಎತ್ತುವುದಕ್ಕೂ ಒಂದು ಕಾರಣವಿತ್ತು ಅನ್ನಿ. ಈಗಷ್ಟೇ ಅವಳಿಗೆ ಚಪ್ಪಾಳೆ ಬಿದ್ದಿತ್ತು.

ಸಿಕಂದರಾಬಾದಿನ ಆ ಎತ್ತರದ ಕಟ್ಟಡದ ತಾರಸಿಯ ಮೇಲೆ ಬಳಗದ ರಿಪೀಟರ್ ಇದೆ. ಹವ್ಯಾಸಿ ರೇಡಿಯೋದವರ ಕೈಯಲ್ಲಿನ ಪುಟ್ಟ ಸೆಟ್ಟಿನ ದನಿ ನಾಲ್ಕು ಓಣಿ ದಾಟುವುದೇ ಕಷ್ಟ. ಈ ಯಂತ್ರ ಅದನ್ನು ಹಿಡಿದು, ಜೋರು ಮಾಡಿ, ಜೋಡಿ ನಗರಕ್ಕೆಲ್ಲ ಕೇಳಿಸುತ್ತದೆ. ಯಂತ್ರದ ತಲೆ ಎಂದರೆ ಅಂಗೈಯಗಲದ ಒಂದು ಕಂಟ್ರೋಲರ್. ಆ ತಲೆಯೊಳಗಿನ ಬುದ್ಧಿ ಎಂದರೆ ಫರ್ಮ್‌ವೇರ್. ಅದನ್ನು ಬರೆಯುವವಳು ನಮ್ಮ ಸ್ನೇಹಲತಾ.

ಮಣಿಕೊಂಡದಲ್ಲಿ ಅವ್ವನ ಜೊತೆ ಫ್ಲ್ಯಾಟು, ಹತ್ತಿರದಲ್ಲೇ ನೌಕರಿ. ನೌಕರಿ ಬಿಟ್ಟು ಉಳಿದ ಹೊತ್ತೆಲ್ಲ ಈ ಕಂಟ್ರೋಲರಿಗೆ. ಸಂಬಳ? ಇಲ್ಲವೇ ಇಲ್ಲ. ಹೆಮ್ಮೆ? ಅದನ್ನೊಂದು ಕೇಳಬೇಡಿ.

ವರ್ಷನ್ ನಾಲ್ಕು ಅವಳ ಹೆಮ್ಮೆಯಲ್ಲೇ ದೊಡ್ಡ ಹೆಮ್ಮೆ. ಕೆಲವರಿಗೆ ಒಂದು ಚಟವಿರುತ್ತದೆ. ಸೆಟ್ಟಿನ ಗುಂಡಿಯನ್ನು ಕ್ಷಣ ಒತ್ತಿ ಬಿಡುವುದು, ರಿಪೀಟರ್ 'ಟಿಣ್' ಎನ್ನುತ್ತದೆಯೇ ಎಂದು ಕೇಳುವುದು, ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ರೇಡಿಯೋ ಹೆಸರು, ಹೇಳದೆ ಮಾಯವಾಗುವುದು. ಬಾಗಿಲು ಬಡಿದು ಓಡಿಹೋಗುವ ತುಂಟರ ಹಾಗೆ. ಎಷ್ಟೋ ಜನ ಬೇಸತ್ತಿದ್ದರು. ಸ್ನೇಹಲತಾ ಅದಕ್ಕೆ ಬೀಗ ಜಡಿದಳು. ಈಗ ಒಂದು ಸೆಕೆಂಡಿಗಿಂತ ಕಡಿಮೆ ಒತ್ತಿದರೆ ಯಂತ್ರ ಉಸಿರೇ ಎತ್ತುವುದಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಆಕೆಯೇ ಬರೆದು ಹಾಕಿದ್ದಳು: 'ಗುಂಡಿ ಒತ್ತಿ ಓಡೋ ಕಳ್ಳರ ಆಟ ಇನ್ನು ಬಂದ್.'

"ಏನಾತು ಅಂತ ಕೇಳ್ತೀರಿ?" ಬಂದವನು ವಾಕಿಟಾಕಿಯನ್ನು ಅವಳ ಮುಂದಿನ ಟೇಬಲ್ ಮೇಲೆ ಇಟ್ಟ. ಸಿಟ್ಟಿನಲ್ಲೂ ಅದನ್ನು ಕುಕ್ಕಲಿಲ್ಲ, ಮೆಲ್ಲಗೆ ಇಟ್ಟ. "ಆ ಕಳ್ಳ ನಮ್ಮಪ್ಪ ರೀ."

ಬಳಗದ ಅಧ್ಯಕ್ಷ ಹನುಮಂತರಾಯರು, ರೈಲ್ವೆಯಿಂದ ನಿವೃತ್ತರಾದ ಹಿರಿಯರು, ಗಡಬಡಿಸಿ ಎದ್ದರು. "ವೈಭವ, ಬಾರಪಾ, ಕೂಡು. ಅಮರೇಶಪ್ಪ ಹ್ಯಾಂಗ ಅದಾನ?"

"ಅದಾರ್ರಿ. ಸೆಟ್ಟಿನ ಬ್ಯಾಟರಿ ತಗದು ಅಲಮಾರಿಯಾಗ ಇಟ್ಟಾರ."

ವೈಭವ ಹೇಳಿದ. ಅಮರೇಶಪ್ಪನವರಿಗೆ ಬೇಗಂ ಬಜಾರಿನಲ್ಲಿ ತಾಮ್ರ ಹಿತ್ತಾಳೆ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಗಂಟಲ ಕ್ಯಾನ್ಸರಿನಿಂದ ಹೋದ ವರ್ಷ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಬೀದಿಯ ಆ ತುದಿಗೆ ಕೇಳುತ್ತಿದ್ದ ದನಿ ಇಲ್ಲವಾಯಿತು. ರೇಡಿಯೋದಲ್ಲಿ ಬೆಳಗಿನ ಕನ್ನಡ ಹಾಜರಿ ನಡೆಯುತ್ತದಲ್ಲ, ಗಿರಿಜಾಬಾಯಿ ಒಬ್ಬೊಬ್ಬರನ್ನೇ ಕರೆಯುತ್ತಾರಲ್ಲ, ಅವರು ಅಮರೇಶಪ್ಪ ಎಂದಾಗ ಇವರು ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದರು. ಟಿಣ್, ಟಿಣ್. 'ಅಮರೇಶಪ್ಪಾರು ಅದಾರ' ಎಂದು ಗಿರಿಜಾಬಾಯಿ ಮುಂದಕ್ಕೆ ಹೋಗುತ್ತಿದ್ದರು. ಅಷ್ಟೇ. ಅಷ್ಟಕ್ಕೇ ಅವರ ದಿನ ಶುರುವಾಗುತ್ತಿತ್ತು.

"ಮೊನ್ನೆ ಒತ್ತಿದ್ರು. ಏನೂ ಇಲ್ಲ. ಮತ್ತ ಒತ್ತಿದ್ರು. ಗಿರಿಜಾಬಾಯಿ ಮೂರು ಸಲ ಹೆಸರು ಕರದು ಸುಮ್ಮಾದ್ರು. ಆಮ್ಯಾಲ ಅಪ್ಪ ನಿಮ್ಮ ಮೆಸೇಜ್ ಓದಿದ್ರು. ಕಳ್ಳರು ಅಂತ."

'ತಪ್ಪಾತು' ಎನ್ನಬೇಕೆಂದು ಸ್ನೇಹಲತಾಗೆ ಅನಿಸಿತು. ಬೆಳಗಿನ ಹಾಜರಿಯನ್ನು ಅವಳು ಒಂದು ದಿನವೂ ಕೇಳಿದವಳಲ್ಲ. ಆ ಹೊತ್ತಿಗೆ ಅವಳಿಗಿನ್ನೂ ನಿದ್ದೆ.

ಆದರೆ ಅಷ್ಟು ಜನರ ಮುಂದೆ... ಈಗಷ್ಟೇ ಚಪ್ಪಾಳೆ ತಟ್ಟಿದವರ ಮುಂದೆ... ನಾಲಿಗೆ ಬೇರೆಯದನ್ನೇ ಹೇಳಿತು.

"ನನಗ ಗೊತ್ತಿರಲಿಲ್ರಿ. ಆದ್ರ ಕಾಲ್‌ಸೈನ್ ಹೇಳದ ಒತ್ತೋದು ನಿಯಮದಾಗ ಇಲ್ಲ. ಅವರಿಗೆ ಹೇಳ್ರಿ, ಒಂದು ಸೆಕೆಂಡ್ ಜಾಸ್ತಿ ಒತ್ತಿದ್ರ ಟಿಣ್ ಅಂತೈತಿ."

ವೈಭವ ಅವಳನ್ನೇ ನೋಡಿದ. ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಬಂದ ನಿರಾಸೆ ಸಿಟ್ಟಿಗಿಂತ ಕೆಟ್ಟದ್ದು.

"ನೀವ ಬಂದು ಹೇಳ್ರಿ ಮೇಡಂ. 'ಅಮರೇಶಪ್ಪ, ನಿನಗ ಗುಂಡಿ ಒತ್ತಾಕೂ ಬರಂಗಿಲ್ಲ' ಅಂತ. ನನಗ ಆ ಧೈರ್ಯ ಇಲ್ಲ."

ಸೆಟ್ಟು ಎತ್ತಿಕೊಂಡು ಅವನು ಹೋದ. ಸಮೋಸಾ ತಣ್ಣಗಾದವು.

* * *

"ಯಾಕ ರೊಟ್ಟಿ ಮುಂದ ಹಿಂಗ ಕುಂತಿ?" ಅವ್ವ ಶರಣಬಸಮ್ಮ ಪಲ್ಯ ಬಡಿಸುತ್ತ ಕೇಳಿದಳು.

ಸ್ನೇಹಲತಾ ಎಲ್ಲವನ್ನೂ ಹೇಳಿದಳು. ಅವ್ವ ಕೇಳಿಸಿಕೊಂಡಳು. ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

"ಹಳೇ ವರ್ಷನ್ ವಾಪಸ್ ಹಾಕಿದ್ರ ಆತಲ್ಲ ಅವ್ವ? ಇಲ್ಲೇ ಕುಂತು ಹಾಕಬಹುದು."

"ಹಾಕು. ಯಂತ್ರ ಟಿಣ್ ಅಂತೈತಿ. ಆ ಮನಷ್ಯಾ ಕಳ್ಳ ಅನಿಸ್ಕೊಂಡಿದ್ದು?"

'ಹೌದಲ್ಲ... ಅದನ್ನ ಯಾವ ಕೀಲಿ ಒತ್ತಿ ವಾಪಸ್ ತಗೀಲಿ?'

ಮರುದಿನ ಆಫೀಸಿಗೆ ರಜೆ ಹಾಕಿ ಸ್ನೇಹಲತಾ ಬೇಗಂ ಬಜಾರಿನ ದಾರಿ ಹಿಡಿದಳು.

ಕೈಗಾಡಿ, ಸ್ಕೂಟರು, ಅರಿಶಿನದ ಮೂಟೆ ಹೊತ್ತ ಹಮಾಲರು... ದಾರಿ ಮಾಡಿಕೊಂಡು ಅಂಗಡಿ ಮುಟ್ಟುವಷ್ಟರಲ್ಲಿ ಅವಳ ದುಪಟ್ಟಾ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಗಾದಿಯ ಮೇಲೆ ಬಿಳಿ ಅಂಗಿ, ತಲೆಗೆ ರುಮಾಲು, ಕೊರಳಿಗೊಂದು ಬಿಳಿ ಬಟ್ಟೆ. ಅಮರೇಶಪ್ಪನವರು ಕುಳಿತಿದ್ದ ಠೀವಿಗೆ ಅವಳು ತಾನಾಗಿಯೇ ಕೈಮುಗಿದಳು.

"ನಾನು ಸ್ನೇಹಲತಾ ರೀ. ಕಳ್ಳರು ಅಂತ ಬರದಾಕಿ. ತಪ್ಪಾತ್ರಿ ನನ್ನಿಂದ."

ಒಳಗಿನಿಂದ ಬಂದ ವೈಭವ ಅಲ್ಲೇ ನಿಂತ. ಇದನ್ನು ಅವನು ಎಣಿಸಿರಲಿಲ್ಲ.

ಅಮರೇಶಪ್ಪನವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಒಂದು ಚಪ್ಪಾಳೆ ತಟ್ಟಿದರು. ಎದುರಿನ ಹೋಟೆಲಿನಿಂದ ಚಹಾ ಬಂತು. ಬೆರಳೆತ್ತಿದರು, ಹಮಾಲನೊಬ್ಬ ಸ್ಟೂಲು ತಂದ. ಮಾತಿಲ್ಲದೆ ಅಂಗಡಿ ಗಡಿಯಾರದ ಹಾಗೆ ನಡೆಯುತ್ತಿತ್ತು. ಆಮೇಲೆ ಅವರ ತುಟಿ ಅಲುಗಿದವು.

"ಚಹಾ ಕುಡೀರಿ ಅಂತಾರ," ಎಂದ ವೈಭವ. ಅವನಿಗೆ ಅಪ್ಪನ ತುಟಿ ಓದಿ ರೂಢಿ. "ರೇಡಿಯೋ ಮಾತು ಬ್ಯಾಡ ಅಂತಾರ."

"ಮಾತಾಡಾಕ ಬಂದೀನಲ್ರಿ. ವರ್ಷನ್ ಐದರಾಗ ನಾನು ಒಂದು ಮಾಡ್ತೀನಿ. ನಿಮ್ಮ ಸೆಟ್ಟಿನ ಮ್ಯಾಲ ನಂಬರ್ ಕೀಲಿ ಅದಾವಲ್ರಿ? ಒಂದು ಒತ್ತಿದ್ರ ರಿಪೀಟರ್ ನಿಮ್ಮ ಕಾಲ್‌ಸೈನ್ ಹೇಳಿ ನಮಸ್ಕಾರ ಅಂತೈತಿ. ಎರಡು ಒತ್ತಿದ್ರ ಆರಾಮ್ ಅದೀನಿ ಅಂತೈತಿ. ನಿಯಮಕ್ಕೂ ಸರಿ, ನಿಮಗೂ ಸರಿ."

ಅಮರೇಶಪ್ಪ ದನಿಯಿಲ್ಲದೆ ನಕ್ಕರು. ತಲೆ ಅಡ್ಡ ಆಡಿಸಿದರು.

"'ನಾ ಸತ್ತ ಮ್ಯಾಲ ಮಷಿನ್ ಮಾತಾಡ್ಲಿ' ಅಂತಾರ," ವೈಭವನ ದನಿ ಸಣ್ಣದಾಯಿತು. "'ಅದರ ದನಿ ನಂದಲ್ಲ.'"

ಸ್ನೇಹಲತಾ ತಟ್ಟನೆ ವೈಭವನ ಕಡೆ ತಿರುಗಿದಳು.

"ನಿಮ್ಮ ದನಿ ಅವರ ಹಂಗ ಐತೇನ್ರಿ?"

ಗಾದಿಯ ಮೇಲಿನವರ ಕಣ್ಣು ಸಣ್ಣಗೆ ಮಿನುಗಿದವು. ವೈಭವ ಕೈ ಕೈ ಹಿಸುಕಿದ.

"ಜನ ಹಂಗ ಅಂತಾರ್ರಿ..."

* * *

ಅಲ್ಲಿಂದ ಶುರುವಾಯಿತು ನೋಡಿ, ಅಪ್ಪನ ಮಾತನ್ನು ಮಗನ ದನಿಯಲ್ಲಿ ಹಿಡಿಯುವ ಕೆಲಸ.

ಪಾತ್ರೆ ಅಂಗಡಿಯಲ್ಲಿ ಧ್ವನಿಮುದ್ರಣವೆಂದರೆ ಆಗುವ ಮಾತೇ? ಒಬ್ಬರು ಕೆಮ್ಮಿದರೆ ಇನ್ನೂರು ಕೊಡಗಳು ಗುಂಯ್ ಎನ್ನುತ್ತವೆ. ಕೊನೆಗೆ ಪಕ್ಕದ ಹತ್ತಿ ಗಾದಿಗಳ ಗೋದಾಮು ಸಿಕ್ಕಿತು. ಸುತ್ತಲೂ ಸೂರಿನ ತನಕ ಗಾದಿಗಳು, ನಡುವೆ ಅಮರೇಶಪ್ಪನವರ ಕುರ್ಚಿ, ಸ್ನೇಹಲತಾಳ ಲ್ಯಾಪ್‌ಟಾಪು, ಮೈಕಿನ ಮುಂದೆ ಬೆವರುವ ವೈಭವ. ಹೊರಗಿನ ಬಜಾರೇ ಇಲ್ಲವೆನ್ನುವಷ್ಟು ಮೌನ.

"ನಮಸ್ಕಾರ, ನಾನು ಅಮರೇಶಪ್ಪ."

ಅಮರೇಶಪ್ಪ ಹಣೆ ಬಡಿದುಕೊಂಡರು. ತುಟಿ ಅಲುಗಿದವು.

"ಏನಂತಾರ್ರಿ?"

"'ಸಾಲ ಕೇಳಾಕ ಬಂದವನಂಗ ಹೇಳ್ಬ್ಯಾಡಲೇ' ಅಂತಾರ."

ಸ್ನೇಹಲತಾಗೆ ನಗು ತಡೆಯಲಾಗಲಿಲ್ಲ. ಅವಳ ನಗು ನೋಡಿ ಅವನೂ ನಕ್ಕ. ಅಪ್ಪ ಇಬ್ಬರನ್ನೂ ನೋಡಿ ಸೂರು ನೋಡತೊಡಗಿದರು. ಹಳೆಯ ವ್ಯಾಪಾರಿ, ಅವರಿಗೆ ಗಿರಾಕಿಯ ಮುಖ ಓದುವುದು ಹೊಸದೇನಲ್ಲ.

ಪ್ರತಿ ಭಾನುವಾರ, ಆಮೇಲೆ ಶನಿವಾರವೂ. ಕೆಲಸ ಇಲ್ಲದಿದ್ದರೂ ಏನೋ ಒಂದು ಮರೆತು, ಅದನ್ನು ನೆನಪಿಸಿಕೊಂಡು, ಮತ್ತೆ ಬರುವುದು. ಸ್ನೇಹಲತಾ ಈಗ ಬೆಳಗಿನ ಹಾಜರಿಗೂ ಏಳುತ್ತಿದ್ದಳು. ಅಮರೇಶಪ್ಪನವರ ಸೆಟ್ಟಿನ ಬ್ಯಾಟರಿ ಮಾತ್ರ ಇನ್ನೂ ಅಲಮಾರಿಯಲ್ಲೇ ಇತ್ತು. ಗಿರಿಜಾಬಾಯಿ ದಿನವೂ ಅಮರೇಶಪ್ಪನವರ ಹೆಸರು ಕರೆದು, ಸ್ವಲ್ಪ ಕಾದು, ಮುಂದೆ ಹೋಗುವುದನ್ನು ಕೇಳುತ್ತಿದ್ದಳು. ಆ ಸ್ವಲ್ಪ ಹೊತ್ತಿನ ಮೌನ ಅವಳನ್ನು ದಿನವಿಡೀ ಕೊರೆಯುತ್ತಿತ್ತು.

"ಒಂದು ಕೇಳ್ಲೇನ್ರಿ?" ಒಂದು ದಿನ ವೈಭವ ಅಂದ. ಅಪ್ಪ ಅಂಗಡಿಗೆ ಹೋಗಿದ್ದರು. "ಅಪ್ಪ ಮಂದಿ ಜೋಡಿ ಎಲ್ಲಾ ಮಾತಾಡಿದ್ರು. ರೇಡಿಯೋದಾಗ ಜಪಾನ್‌ದವನ ಜೋಡಿ ಮಾತಾಡಿದ್ರು. ನನ್ನ ಜೋಡಿ ಬರೇ ಲೆಕ್ಕ, ಅಂಗಡಿ. ಈಗ ಅವರ ಮಾತು ನನ್ನ ಬಾಯಾಗಿಂದ ಬರಾಕತ್ಯಾವ. ಈ ಒಂದು ತಿಂಗಳದಾಗ ಅವರು ನನ್ನ ಜೋಡಿ ಆಡಿದಷ್ಟು ಮಾತು ಹಿಂದ ಎಂದೂ ಆಡಿಲ್ಲ. ಅದು... ನಿಮ್ಮಿಂದ."

ಸ್ನೇಹಲತಾಳ ಕೂದಲಿಗೆ ಅರಳೆಯ ಎಳೆಯೊಂದು ಸಿಕ್ಕಿತ್ತು. ವೈಭವ ಕೈ ಚಾಚಿ, ನಡುವೆ ನಿಲ್ಲಿಸಿ, "ತಗೀಲೇನ್ರಿ?" ಎಂದು ಕೇಳಿದ.

ಅವಳು ತಲೆ ಬಾಗಿಸಿದಳು. ಅಷ್ಟೇ ನಡೆದದ್ದು. ಆದರೆ ಮಣಿಕೊಂಡದ ಬಸ್ಸಿನಲ್ಲಿ ಅವಳು ತನ್ನ ಸ್ಟಾಪು ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದಳು.

ಅಂದು ಅಮರೇಶಪ್ಪ ಅಂಗಡಿಗೆ ಹೋಗುವ ಮೊದಲು ಗೋದಾಮಿನಲ್ಲಿ ಮೂವರೂ ಇದ್ದ ಫೋಟೋವೊಂದನ್ನು ತೆಗೆದಿದ್ದಳು. ಹೆಮ್ಮೆಯ ಹುಡುಗಿಯಲ್ಲವೇ, ತಡೆಯಲಾಗಲಿಲ್ಲ. ಬಳಗದ ಪೇಜು ನೋಡಿಕೊಳ್ಳುವ ಕೌಸ್ತುಭನಿಗೆ ಕಳಿಸಿದಳು. 'ವರ್ಷನ್ ಐದು ರೆಡಿ ಆಗಾಕತ್ತೈತಿ' ಎಂದಷ್ಟೇ ಬರೆದಳು.

* * *

ಎರಡು ದಿನ ಬಿಟ್ಟು ಫೋನು ಬಂತು.

"ನಮ್ಮಪ್ಪ ನಿಮ್ಮ ಜಾಹೀರಾತು ಏನ್ರಿ?"

ವೈಭವನ ದನಿ. ಮೊದಲ ದಿನದ್ದೇ ದನಿ.

"ಏನಾತ್ರಿ? ನನಗ..."

"ಪೇಜ್ ನೋಡ್ರಿ."

ನೋಡಿದಳು. ಫೋಟೋದಲ್ಲಿ ಅಮರೇಶಪ್ಪ ಮತ್ತು ಅವಳು, ವೈಭವನನ್ನು ಕತ್ತರಿಸಿ ತೆಗೆಯಲಾಗಿತ್ತು. ಮೇಲೆ ದಪ್ಪಕ್ಷರದಲ್ಲಿ: 'ಮೂಕ ಮುದುಕನಿಗೆ ದನಿ ದಾನ ಮಾಡಿದ ನಮ್ಮ ಎಂಜಿನಿಯರ್.' ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಪಾಪ, ಪಾಪ, ಪಾಪ.

"ಮುಂಜಾನಿಂದ ಬಜಾರಿನವರು ಒಬ್ಬೊಬ್ಬರ ಬಂದು ಅಪ್ಪನ ಬೆನ್ನು ಸವರಿ ಹೋಗಾಕತ್ತಾರ. ಮೂವತ್ತು ವರ್ಷ ಆ ಬೀದಿಯಾಗ ತಲಿ ಎತ್ತಿ ಕುಂತ ಮನಷ್ಯಾ ರೀ ಅವರು. ಇವತ್ತ ಶಟರ್ ಎಳದು ಮನ್ಯಾಗ ಕುಂತಾರ. ಮೊದಲ ಕಳ್ಳ ಅಂದ್ರಿ, ಈಗ ಭಿಕ್ಷುಕ ಮಾಡಿದ್ರಿ."

'ನಾ ಬರದಿದ್ದಲ್ಲ...' ಎನ್ನಬೇಕೆನಿಸಿತು. ಆ ಹುಡುಗ ತನ್ನನ್ನು ಇಷ್ಟು ದಿನ ನೋಡಿ ಇಷ್ಟೇ ತಿಳಿದನೇ? ಕೇಳಲೂ ಬೇಡವೇ, ನೀನೇ ಬರೆದೆಯಾ ಎಂದು?

ನೊಂದ ಹೆಮ್ಮೆಗೆ ಬಾಯಿ ಇರುವುದಿಲ್ಲ ನೋಡಿ. ಅವಳು ಸುಮ್ಮನೇ ಇದ್ದಳು. ಅವನು ಆ ಸುಮ್ಮನಿರುವಿಕೆಯನ್ನು ಹೌದು ಎಂದುಕೊಂಡ.

"ನನ್ನ ದನಿ ನಿಮ್ಮ ಮಷಿನ್ನಿನಾಗಿಂದ ತಗದುಬಿಡ್ರಿ."

"ತಗೀತೀನ್ರಿ," ಎಂದಳು. ಫೋನಿಟ್ಟು ಲ್ಯಾಪ್‌ಟಾಪು ತೆರೆದಳು.

ತೆಗೆದಳು. ಒಂದೊಂದೇ ವಾಕ್ಯ, ಒಂದೊಂದೇ ನಗು, ನಡುವಿನ ಕೆಮ್ಮು, 'ತಗೀಲೇನ್ರಿ' ಎಂದು ಮೈಕು ತನ್ನಷ್ಟಕ್ಕೆ ಹಿಡಿದಿದ್ದ ಮಾತು. ಪ್ರತಿ ಇಟ್ಟುಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಇಟ್ಟುಕೊಳ್ಳಲಿಲ್ಲ. ಅವನ ದನಿ ಅವನದು. ಎಲ್ಲ ಅಳಿಸಿ, ಅಡುಗೆಮನೆಗೆ ಹೋಗಿ, ಅವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

"ಕೌಸ್ತುಭಗ ಬೈದಿಯೇನು?"

"ಬೈದೆ. ಪೋಸ್ಟ್ ತಗದಾನ. ಅವನೂ ಅತ್ತ." ಮೂಗು ಒರೆಸಿಕೊಂಡಳು. "ಅವನ ತಪ್ಪು ಬರೇ ಅಕ್ಷರದ್ದು ಅವ್ವ. ನಾನೂ ಹಂಗ ತಿಳಕೊಂಡಿದ್ದೆ. ಅವರಿಗೆ ನಾನು ದನಿ ಕೊಡ್ತೀನಿ, ದೊಡ್ಡದು ಮಾಡ್ತೀನಿ ಅಂತ. ಅವರಿಗೆ ಏನು ಬೇಕು ಅಂತ ಕೇಳೇ ಇಲ್ಲ."

* * *

ಆ ಶುಕ್ರವಾರದ ಹಾಜರಿಯಲ್ಲಿ ಗಿರಿಜಾಬಾಯಿ ಹೇಳಿದರು, "ಮಗಳ ಬಾಣಂತನಕ್ಕ ಪುಣೆಕ್ಕ ಹೊಂಟೀನಿ. ಹಾಜರಿ ಯಾರರ ಹಿಡೀರಿ."

ಯಾರೂ ಹಿಡಿಯಲಿಲ್ಲ. ಒಬ್ಬರಿಗೆ ವಾಕಿಂಗು, ಒಬ್ಬರಿಗೆ ಪೂಜೆ, ಒಬ್ಬರಿಗೆ ಸೊಂಟನೋವು. ಸೋಮವಾರದಿಂದ ಹಾಜರಿಯೇ ನಿಲ್ಲುವ ಲಕ್ಷಣ.

ಸ್ನೇಹಲತಾ ಹಲ್ಲುಜ್ಜುತ್ತ ಕೇಳುತ್ತಿದ್ದವಳು ಹಾಗೆಯೇ ನಿಂತಳು. ಒಂದು ಚಪ್ಪಾಳೆಗೆ ಚಹಾ ತರಿಸಿದವರು, ಬೆರಳೆತ್ತಿ ಅಂಗಡಿ ನಡೆಸಿದವರು ಅವಳ ಕಣ್ಣ ಮುಂದೆ ಬಂದರು.

ಅವಳು ಹನುಮಂತರಾಯರಿಗೆ ಫೋನು ಮಾಡಿ ನಿಯಮ ಕೇಳಿದಳು. ಗಿರಿಜಾಬಾಯಿಗೆ ಫೋನು ಮಾಡಿ ಒಪ್ಪಿಗೆ ಕೇಳಿದಳು. ಲ್ಯಾಪ್‌ಟಾಪು ತೆರೆದು ಇಡೀ ಶನಿವಾರ ಏಳದೆ ಬರೆದಳು. ಭಾನುವಾರ ಬೇಗಂ ಬಜಾರಿಗೆ ಹೋಗಿ, ಅಂಗಡಿಯ ಮೇಲಿನ ಮನೆಯ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದವನು ವೈಭವ. ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು, ಮರುಕ್ಷಣ ನಾಚಿತು.

"ಕೌಸ್ತುಭ ಬಂದಿದ್ದ ರೀ. ಎಲ್ಲಾ ಹೇಳಿದ. ನಾನ ನಿಮಗ ಫೋನ್ ಮಾಡಬೇಕಿತ್ತು... ಯಾವ ಮುಖ ಇಟ್ಕೊಂಡು ಮಾಡ್ಲಿ ಅಂತ..."

"ಫೋಟೋ ಕೊಟ್ಟಾಕಿ ನಾನ. ಅದು ನನ್ನ ತಪ್ಪು," ಎಂದಳು. "ನಿಮ್ಮ ಮ್ಯಾಲ ಸಿಟ್ಟು ಭಾಳ ಐತಿ. ಅದನ್ನ ಆಮ್ಯಾಲ ನೋಡೂಣು. ಈಗ ಅವರ ಹತ್ರ ಕೆಲಸ ಐತಿ, ದಾರಿ ಬಿಡ್ರಿ."

ವೈಭವ ದಾರಿ ಬಿಟ್ಟ.

ಅಮರೇಶಪ್ಪ ಕಿಟಕಿಯ ಬಳಿ ಕುಳಿತಿದ್ದರು. ಆ ಠೀವಿ ಇರಲಿಲ್ಲ. ರುಮಾಲು ಪಕ್ಕದಲ್ಲಿ ಬಿದ್ದಿತ್ತು. ಸ್ನೇಹಲತಾ ನೆಲದ ಮೇಲೆಯೇ ಕುಳಿತಳು.

"ದನಿ ಕೊಡಾಕ ಬಂದಿಲ್ರಿ ನಾನು. ಕೇಳಾಕ ಬಂದೀನಿ. ಗಿರಿಜಾಬಾಯಿ ಪುಣೆಕ್ಕ ಹೊಂಟಾರ. ಹಾಜರಿ ಹಿಡಿಯಾಕ ಯಾರೂ ಇಲ್ಲ. ಎಲ್ಲಾರೂ ನೆಪ ಹೇಳಾಕತ್ತಾರ. ನೀವು ಹಿಡೀರಿ."

ಅವರು ತಲೆ ಎತ್ತಿದರು. ಕೊರಳ ಬಟ್ಟೆಯನ್ನು ಬೆರಳಿನಿಂದ ತೋರಿಸಿದರು. ಕಣ್ಣಲ್ಲಿ ಕೋಪ. ಅಣಕಿಸಲು ಬಂದೆಯಾ ಎಂಬಂತೆ.

"ಪ್ರತಿಯೊಬ್ಬ ಸದಸ್ಯಗೂ ಒಂದು ನಂಬರ್ ಕೊಟ್ಟೀನ್ರಿ. ನೀವು ಮೊದಲ ನಿಮ್ಮ ನಂಬರ್ ಒತ್ತೋದು, ರಿಪೀಟರ್ ನಿಮ್ಮ ಕಾಲ್‌ಸೈನ್ ಹೇಳತೈತಿ. ಆಮ್ಯಾಲ ಯಾರನ್ನ ಕರೀಬೇಕೋ ಅವರ ನಂಬರ್ ಒತ್ತೋದು, ಅವರ ಹೆಸರು ಕೂಗತೈತಿ. ಬಂದ್ರ ಒಂದು ಕೀಲಿ, ತಡ ಮಾಡಿ ಬಂದ್ರ ಇನ್ನೊಂದು, ಜಾಸ್ತಿ ಹರಟಿದ್ರ ಸಾಕು ಅನ್ನಾಕ ಮತ್ತೊಂದು."

ಅಮರೇಶಪ್ಪನವರ ತುಟಿ ಅಲುಗಿದವು. ವೈಭವ ಬಾಯಿ ತೆರೆಯುವ ಮೊದಲೇ ಅವಳು ಓದಿಬಿಟ್ಟಳು. ಅಷ್ಟು ಭಾನುವಾರಗಳು ಸುಮ್ಮನೆ ಹೋಗಿರಲಿಲ್ಲ.

"ಹೌದ್ರಿ, ಮತ್ತ ಮಷಿನ್ ದನಿನ. ನಿಮ್ಮ ದನಿ ಅಲ್ಲ, ನಿಮ್ಮ ಮಗನ ದನೀನೂ ಅಲ್ಲ." ಅವಳು ಮುಂದೆ ಬಾಗಿದಳು. "ನಮ್ಮಪ್ಪ ರಾಯಚೂರು ಕೋರ್ಟಿನಾಗ ಗುಮಾಸ್ತ ಇದ್ರು. ಸಣ್ಣಾಕಿದ್ದಾಗ ನೋಡೀನಿ. ಅಲ್ಲಿ ಜಡ್ಜ್ ಸಾಹೇಬ್ರು ಹೆಸರು ಕೂಗ್ತಾರೇನ್ರಿ? ಅವರು ಬರೇ ಕಣ್ಣು ಎತ್ತತಾರ. ಕೂಗೋದು ಚಪರಾಸಿ ಕೆಲಸ. ರಿಪೀಟರ್ ನಿಮ್ಮ ಚಪರಾಸಿ ರೀ. ಕೂಗಲಿ ಅದು."

ಕೆಳಗೆ ಬೀದಿಯಲ್ಲಿ ಯಾವನೋ ಹಮಾಲ 'ಬಾಜೂ, ಬಾಜೂ' ಎಂದು ದಾರಿ ಬಿಡಿಸಿಕೊಳ್ಳುತ್ತ ಗಾಡಿ ನೂಕುತ್ತಿದ್ದ.

ಅಮರೇಶಪ್ಪ ಕೈ ಚಾಚಿ ರುಮಾಲು ತೆಗೆದುಕೊಂಡರು. ಸುತ್ತಿಕೊಂಡರು. ಒಂದು ಚಪ್ಪಾಳೆ ತಟ್ಟಿ ಮಗನ ಕಡೆ ಬೆರಳು ತೋರಿದರು.

ವೈಭವ ಅಲಮಾರಿಯ ಕಡೆ ಓಡಿದ. ಹೋಗುವಾಗ ಕಣ್ಣು ಒರೆಸಿಕೊಂಡದ್ದನ್ನು ಸ್ನೇಹಲತಾ ನೋಡಿದಳು, ನೋಡದವಳ ಹಾಗೆ ಕುಳಿತಳು.

* * *

ಸೋಮವಾರ ಬೆಳಿಗ್ಗೆ ಅವಳು ಮತ್ತೆ ಅಲ್ಲೇ ಇದ್ದಳು. ಹೊಸ ಫರ್ಮ್‌ವೇರ್ ಮೊದಲ ಸಲ ಓಡುವಾಗ ಬರೆದವರು ಹತ್ತಿರವಿರಬೇಕು ಎಂದು ಅವ್ವನಿಗೆ ಹೇಳಿ ಬಂದಿದ್ದಳು. ಕಂಟ್ರೋಲರ್ ಇರುವುದು ಸಿಕಂದರಾಬಾದಿನಲ್ಲಿ, ಬೇಗಂ ಬಜಾರಿನಲ್ಲಲ್ಲ ಎಂದು ಅವ್ವ ಹೇಳಲಿಲ್ಲ. ಹೋಗಿ ಬಾ ಎಂದು ಹೊಸ ಸೀರೆ ತೆಗೆದುಕೊಟ್ಟಿದ್ದಳು.

ಅಮರೇಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದರು. ಬೆರಳು ಕೀಲಿಯ ಮೇಲೆ ಒಂದು ಕ್ಷಣ ನಿಂತಿತು. ಒತ್ತಿದರು.

ರಿಪೀಟರ್ ಅವರ ಕಾಲ್‌ಸೈನ್ ಹೇಳಿತು. "ಬೆಳಗಿನ ಕನ್ನಡ ಹಾಜರಿ. ನಡೆಸುವವರು ಅಮರೇಶಪ್ಪ."

ಅವರು ಮೊದಲ ನಂಬರು ಒತ್ತಿದರು. ಚಪರಾಸಿ ಕೂಗಿತು, "ಹನುಮಂತರಾಯ."

"ಹಾಜರ್ ಅದೀನ್ರಿ ಸಾಹೇಬ್ರ," ಹನುಮಂತರಾಯರ ದನಿ ಒಡೆಯಿತು. "ಅಮರೇಶಪ್ಪ... ಭಾಳ ಛಲೋ ಆತು."

ಒಬ್ಬೊಬ್ಬರೇ ಬಂದರು. ವಾಕಿಂಗಿನವರು ಬಂದರು, ಪೂಜೆಯವರು ಬಂದರು. ಪುಣೆಯ ರೈಲು ಹತ್ತುವ ಮೊದಲು ಸ್ಟೇಷನ್ನಿನಿಂದ ಗಿರಿಜಾಬಾಯಿ ಬಂದರು. ಸೊಂಟನೋವಿನವರು ನೋವಿನ ಕಥೆ ಶುರು ಮಾಡಿದರು. ಅಮರೇಶಪ್ಪನವರ ಬೆರಳು ಸರ್ರನೆ ಹೋಯಿತು. "ಸಾಕು," ಎಂದಿತು ಯಂತ್ರ. ಇಡೀ ಬಳಗ ನಕ್ಕಿತು. ಕೊನೆಗೆ ಓಡೋಡಿ ಬಂದ ಕೌಸ್ತುಭನಿಗೆ, "ತಡವಾಗಿದೆ."

"ತಪ್ಪಾತ್ರಿ ಕಾಕಾ," ಎಂದ ಕೌಸ್ತುಭ. ತಡವಾದದ್ದಕ್ಕೆ ಮಾತ್ರ ಅವನು ಹಾಗೆ ಹೇಳಲಿಲ್ಲವೆಂದು ಕೇಳಿದವರಿಗೆಲ್ಲ ತಿಳಿಯಿತು. ಅಮರೇಶಪ್ಪ ಕೀಲಿ ಒತ್ತಿದರು. ಹಾಜರಿ ಬಿತ್ತು.

ಗಾದಿಯ ಮೇಲೆ ಮೊದಲ ದಿನ ಕಂಡ ಆ ಮನುಷ್ಯ ತಿರುಗಿ ಬಂದಿದ್ದರು. ಬೆನ್ನು ನೆಟ್ಟಗೆ, ಕಣ್ಣಲ್ಲಿ ಅಧಿಕಾರ. ಸ್ನೇಹಲತಾ ನೋಡುತ್ತಲೇ ಇದ್ದಳು. ಚಪ್ಪಾಳೆ ಬಿದ್ದ ದಿನದ ಹೆಮ್ಮೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅದು ತಲೆಗೆ ಏರಿತ್ತು, ಇದು ಎದೆ ತುಂಬಿ ಕಣ್ಣಿಗೆ ಬಂತು.

ಪಕ್ಕದಲ್ಲಿ ನಿಂತಿದ್ದ ವೈಭವ ಮೆಲ್ಲಗೆ ಅಂದ, "ಸಿಟ್ಟು ಆಮ್ಯಾಲ ನೋಡೂಣು ಅಂದಿದ್ರಿ."

"ನೋಡಾಕತ್ತೀನಿ. ಇನ್ನೂ ಐತಿ."

"ಇರ್ಲಿ ಬಿಡ್ರಿ. ನೀವ ಬರದೀರೇನು ಅಂತ ಒಂದು ಮಾತು ಕೇಳದ ಬೈದೆ. ಅದು ನನ್ನ ತಪ್ಪು. ಜಲ್ಮಪೂರ್ತಿ ಸಿಟ್ಟು ಮಾಡ್ರಿ, ಆದ್ರ ಎದುರಿಗೆ ಇದ್ದು ಮಾಡ್ರಿ." ಅವನು ಗಂಟಲು ಸರಿಮಾಡಿಕೊಂಡ. "ನನಗ ನಿಮ್ಮ ಮ್ಯಾಲ ಭಾಳ ಹೆಮ್ಮಿ ಐತ್ರಿ. ಅದಕ್ಕಿಂತ ದೊಡ್ಡದು ಇನ್ನೊಂದೂ ಐತಿ..."

"ಹೇಳ್ರಿ."

"ಅಪ್ಪನ ಮುಂದ ಹ್ಯಾಂಗ ಹೇಳ್ಲಿ?"

ಅಮರೇಶಪ್ಪ ಸೆಟ್ಟು ಬದಿಗಿಟ್ಟು ಇಬ್ಬರ ಕಡೆ ತಿರುಗಿದರು. ಅವರ ತುಟಿ ನಿಧಾನವಾಗಿ, ತುಂಟತನದಿಂದ ಅಲುಗಿದವು. ವೈಭವ ಕೆಂಪೇರಿ ನೆಲ ನೋಡಿದ. ಅವನು ಹೇಳಿಕೊಡುವ ಅಗತ್ಯವಿರಲಿಲ್ಲ. ಸ್ನೇಹಲತಾ ಓದಿದ್ದಳು.

'ಹೇಳಲೇ ಮಗನ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.'

ಮೊದಲು ಅವಳಿಗೆ ಅಳು ಬಂತು. ಆಮೇಲೆ ಅಮರೇಶಪ್ಪನವರ ಹೆಗಲು ನಗುವಿನಿಂದ ಕುಲುಕುವುದನ್ನು ಕಂಡು ನಗು ಬಂತು. ಅವಳು ಕಣ್ಣು ಒರೆಸಿಕೊಂಡು, ಗದ್ದ ಎತ್ತಿ ವೈಭವನನ್ನು ನೋಡಿದಳು.

"ಅವರು ಬಾಯಿ ಬಿಡಂಗಿಲ್ಲಂತ. ನಾ ಮಾತ್ರ ಎಲ್ಲಾರ ಮುಂದೂ ಹೇಳಾಕಿ ನೋಡ್ರಿ."

"ಏನಂತ?" ಎಂದ ವೈಭವ.

"ಈತ ನನ್ನಾತ ಅಂತ."

"ಮೊದಲ ನನಗೊಂದು ಸಲ ಹೇಳ್ರಿ," ಎಂದ ಅವನು.

ಅವಳು ಹತ್ತಿರ ಹೋಗಿ, ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು.